ಇಟಲಿಯ ಪೂರ್ವಿಕರನ್ನು ಹುಡುಕಿಕೊಡುವವರಿಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ನನ್ನ ಗಂಡನ ಮನೆಯವರು ನ್ಯೂಜೆರ್ಸಿಯ ಇಟಾಲಿಯನ್ನರು. ವಂಶದ ಬೇರು ಹುಡುಕಿಕೊಡುವ ಒಂದು ಸಂಸ್ಥೆ ಅವರಿಂದ ದುಡ್ಡು ಪಡೆದು, ಯಾರದೋ ತಾತನನ್ನು ತೋರಿಸಿ ‘ಇವರೇ ನಿಮ್ಮವರು’ ಎಂದಿತು. ಇಲ್ಲಿ ಇಂಥ ಮನೆಗಳಿಗೆ ಸೊಸೆಯಾಗಿ, ಅಳಿಯನಾಗಿ ಬಂದ ಕನ್ನಡಿಗರು ಇನ್ನೂ ಇದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಅತ್ತೆಗೆ ಎಂಬತ್ತು ದಾಟಿದೆ. ತಮ್ಮ ತಾತ ಹುಟ್ಟಿದ ಊರು ಯಾವುದೆಂದು ತಿಳಿಯುವ ಆಸೆ ಅವರಿಗೆ. ಮನೆಯಲ್ಲಿ ಉಳಿದಿದ್ದು ‘ನೇಪಲ್ಸ್ ಕಡೆಯವರು’ ಎಂಬ ಮಾತು ಮಾತ್ರ. ದಕ್ಷಿಣ ಇಟಲಿಯ ಲಕ್ಷಾಂತರ ಜನ ಅಮೆರಿಕದ ಹಡಗು ಹತ್ತಿದ್ದೇ ನೇಪಲ್ಸ್ ಬಂದರಿನಲ್ಲಿ. ಹಾಗಾಗಿ ಆ ಮಾತಿನಿಂದ ಊರು ಸಿಗುವುದಿಲ್ಲ. ಸಂಸ್ಥೆಯವರು ಪೂರ್ತಿ ಹಣ ಮುಂಗಡ ಕಟ್ಟಿಸಿಕೊಂಡರು. ಆಮೇಲೆ ಹೊಳೆಯುವ ಕಾಗದದ ವರದಿ ಬಂತು. ಅದರಲ್ಲಿ ಹಡಗಿನ ಹೆಸರು, ಸಲೆರ್ನೊ ಪ್ರಾಂತ್ಯದ ಒಂದು ಊರು, ಜೊತೆಗೆ ವಂಶದ ಲಾಂಛನ. ಅತ್ತೆ ಅದಕ್ಕೆ ಕಟ್ಟು ಹಾಕಿಸಿದರು.

ಲಾಂಛನ ನೋಡಿದಾಗಲೇ ನನಗೆ ಅನುಮಾನ ಬಂತು. ಹಿಂದೆ ಅವು ಇದ್ದದ್ದು ನಿರ್ದಿಷ್ಟ ಮನೆತನಗಳಿಗೆ. ಆ ಅಡ್ಡಹೆಸರು (ಸರ್‌ನೇಮ್) ಇರುವ ಎಲ್ಲರಿಗೂ ಅಲ್ಲ. ವರದಿಯಲ್ಲಿದ್ದ ವಯಸ್ಸೂ ಹೊಂದುತ್ತಿರಲಿಲ್ಲ, ಅಡ್ಡಹೆಸರಿನ ಅಕ್ಷರಗಳೂ ಬೇರೆ. ಕೇಳಿದರೆ, ‘ನ್ಯೂಯಾರ್ಕ್ ಬಂದರಿನಲ್ಲಿ ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ಎಲ್ಲಿಸ್ ದ್ವೀಪದ ಅಧಿಕಾರಿಗಳು ಹೆಸರು ಬದಲಾಯಿಸಿಬಿಡುತ್ತಿದ್ದರು’ ಎಂದರು. ಇದು ಸುಳ್ಳು. ಪ್ರಯಾಣಿಕರ ಪಟ್ಟಿಯನ್ನು ಹಡಗು ಕಂಪನಿಯವರೇ ಹೊರಡುವ ಬಂದರಿನಲ್ಲಿ ಬರೆಯುತ್ತಿದ್ದರು. ಎಲ್ಲಿಸ್ ದ್ವೀಪದಲ್ಲಿ ಅದೇ ಪಟ್ಟಿ ಹಿಡಿದು ಪ್ರಶ್ನೆ ಕೇಳುತ್ತಿದ್ದರು, ಅಷ್ಟೇ. ಹೆಸರು ಬದಲಾದದ್ದು ಹೆಚ್ಚಾಗಿ ಆಮೇಲೆ, ಶಾಲೆಯಲ್ಲಿ, ಕೆಲಸದ ಜಾಗದಲ್ಲಿ, ಕೆಲವೊಮ್ಮೆ ಅವರವರ ಇಷ್ಟದಿಂದಲೇ.

ಇಟಲಿಯ ಸರ್ಕಾರಿ ದಫ್ತರಗಳ ‘ಅಂತೆನಾತಿ’ ಎಂಬ ಜಾಲತಾಣ ಇದೆ. ಹಳೆಯ ಜನನ, ಮದುವೆ, ಮರಣದ ಪುಸ್ತಕಗಳ ಚಿತ್ರಗಳನ್ನು ಅಲ್ಲಿ ಪುಕ್ಕಟೆ ನೋಡಬಹುದು. ವರದಿಯಲ್ಲಿದ್ದ ವ್ಯಕ್ತಿಯ ಜನನ ದಾಖಲೆ ಅಲ್ಲಿ ಸಿಕ್ಕಿತು. ಅದರ ಅಂಚಿನಲ್ಲಿ ಅವನ ಮದುವೆಯ ಟಿಪ್ಪಣಿ ಇತ್ತು. ಆ ಮನುಷ್ಯ ಅದೇ ಊರಿನಲ್ಲಿ ಬೇರೆ ಹೆಂಗಸನ್ನು ಮದುವೆಯಾಗಿದ್ದ. ಆ ಹೊತ್ತಿಗೆ ನಮ್ಮ ತಾತ ನ್ಯೂವಾರ್ಕಿನಲ್ಲಿ ಮಕ್ಕಳೊಂದಿಗೆ ಸಂಸಾರ ಮಾಡುತ್ತಿದ್ದರು!

ದಕ್ಷಿಣ ಇಟಲಿಯಲ್ಲಿ ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು ಇಡುವುದು ವಾಡಿಕೆ. ನಮ್ಮಲ್ಲೂ ತಾತನ ಹೆಸರಿಡುತ್ತೇವಲ್ಲ, ಹಾಗೆಯೇ. ಒಬ್ಬ ತಾತನಿಗೆ ನಾಲ್ಕು ಗಂಡುಮಕ್ಕಳಿದ್ದರೆ, ಒಂದೇ ಹೆಸರಿನ ನಾಲ್ವರು ಮೊಮ್ಮಕ್ಕಳು ಒಂದೇ ಊರಿನಲ್ಲಿ. ಹೆಸರು ಹೊಂದಿತು ಅಂದರೆ ಏನೂ ಸಾಬೀತಾಗುವುದಿಲ್ಲ. ತಂದೆ, ತಾಯಿ, ಹೆಂಡತಿಯ ಹೆಸರೂ ಕೂಡಬೇಕು. ಇಟಲಿಯ ಹೆಂಗಸರು ದಾಖಲೆಗಳಲ್ಲಿ ತವರಿನ ಅಡ್ಡಹೆಸರನ್ನೇ ಬರೆಸುತ್ತಿದ್ದರು. ಹುಡುಕುವವರಿಗೆ ಅದಕ್ಕಿಂತ ಒಳ್ಳೆಯ ಸುಳಿವಿಲ್ಲ. ಆ ಸಂಸ್ಥೆ ಅಜ್ಜಿಯ ಹೆಸರನ್ನು ನಮ್ಮಿಂದ ಕೇಳಲೇ ಇಲ್ಲ.

ಊರಿನ ಹೆಸರು ಕೊನೆಗೆ ಸಿಕ್ಕಿದ್ದು ಅಮೆರಿಕದಲ್ಲೇ, ತಾತ ಪೌರತ್ವಕ್ಕೆ ಹಾಕಿದ್ದ ಅರ್ಜಿಯಲ್ಲಿ. ಅವೆಲ್ಲಿನೊ ಪ್ರಾಂತ್ಯದ ಒಂದು ಬೆಟ್ಟದೂರು. 1906ರ ಸೆಪ್ಟೆಂಬರ್ ನಂತರದ ಅರ್ಜಿಗಳಲ್ಲಿ ಹುಟ್ಟಿದ ಜಾಗ, ಹಡಗು, ಹೆಂಡತಿ ಮಕ್ಕಳ ವಿವರ ಎಲ್ಲ ಇರುತ್ತದೆ. 1917ರ ಜೂನ್‌ನಲ್ಲಿ ಸೈನ್ಯಕ್ಕೆಂದು ಹೆಸರು ಬರೆಸಿದವರ ಚೀಟಿಯಲ್ಲೂ ಹುಟ್ಟೂರಿನ ಪ್ರಶ್ನೆ ಇತ್ತು. ಮೊದಲು ಇವನ್ನು ತೆಗೆಸಿ. ಊರು ಗೊತ್ತಾಗದೆ ಇಟಲಿಯ ಪುಸ್ತಕಗಳಿಗೆ ಕೈ ಹಾಕಿದರೆ ಸುಮ್ನೆ ಅಲೆದಾಟ.

ಹಣ ವಾಪಸ್ ಬರಲಿಲ್ಲ. ಒಪ್ಪಂದದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಸಂಭವನೀಯ ಹೊಂದಾಣಿಕೆ’ ಎಂದು ಬರೆದಿದ್ದರು. ದುಡ್ಡಿಗಿಂತ ಜಾಸ್ತಿ ಸಂಕಟ ಇನ್ನೊಂದು. ಅವರು ಆ ತಪ್ಪು ವಂಶವೃಕ್ಷವನ್ನು ಅಂತರ್ಜಾಲಕ್ಕೆ ಹಾಕಿದ್ದಾರೆ. ಅತ್ತೆಯ ಕಡೆಯ ನೆಂಟರು ಅದನ್ನೇ ನಕಲು ಮಾಡಿಕೊಂಡಿದ್ದಾರೆ. ಒಬ್ಬೊಬ್ಬರಿಗೂ ದಾಖಲೆ ಕಳಿಸಿ ತಿದ್ದಿಸುವ ಕೆಲಸ ಈಗಲೂ ಮುಗಿದಿಲ್ಲ.

ದುಡ್ಡು ಕೊಡಲೇಬೇಕು ಅನಿಸಿದರೆ, ಪ್ರತಿ ಮಾತಿಗೂ ಮೂಲ ದಾಖಲೆಯ ಚಿತ್ರ, ಊರು, ವರ್ಷ, ದಾಖಲೆಯ ಸಂಖ್ಯೆ ಕೊಡುತ್ತೇವೆ ಎಂದು ಬರೆಸಿಕೊಳ್ಳಿ. ಇನ್ನೊಂದು ವಿಷಯ. ಅದೇ ಸಂಸ್ಥೆ ಆಮೇಲೆ ಫೋನ್ ಮಾಡಿ, ‘ಮುತ್ತಾತನ ಹೆಸರಲ್ಲಿ ನಿಮ್ಮ ಗಂಡನಿಗೆ ಇಟಲಿಯ ಪಾಸ್‌ಪೋರ್ಟ್ ಮಾಡಿಸಿಕೊಡುತ್ತೇವೆ’ ಎಂದು ಮತ್ತೆ ಹಣ ಕೇಳಿತು. 2025ರ ಮಾರ್ಚ್‌ನಲ್ಲಿ ಇಟಲಿ ನಿಯಮ ಬಿಗಿ ಮಾಡಿದೆ. ಹೊಸ ಅರ್ಜಿಗಳಿಗೆ ಈಗ ಸಾಮಾನ್ಯವಾಗಿ ಅಪ್ಪ ಅಮ್ಮ ಅಥವಾ ಅಜ್ಜ ಅಜ್ಜಿಯ ಮಟ್ಟದ ಸಂಬಂಧ ಬೇಕು. ಅಂಥ ಫೋನ್ ಬಂದರೆ ಹಣ ಕಟ್ಟಬೇಡಿ, ಇಟಲಿಯ ದೂತಾವಾಸದಲ್ಲಿ ನೇರವಾಗಿ ವಿಚಾರಿಸಿ.