ತಮ್ಮನ ತೊಡೆ ಉಳಿಸಿದ ನರ್ಸಿಂಗ್ ಹೋಮ್: ಐದರಲ್ಲಿ ನಾಲ್ಕು ಸ್ಟಾರ್

ನಮ್ಮ ತಾಲ್ಲೂಕಿನ ಬಸ್ ಸ್ಟ್ಯಾಂಡ್ ಹಿಂದಿರುವ ಸಣ್ಣ ನರ್ಸಿಂಗ್ ಹೋಮ್ ಇದು. ಕೊಟ್ಟ ನಾಲ್ಕು ಸ್ಟಾರ್‌ನಲ್ಲಿ ಹೆಚ್ಚಿನ ಪಾಲು ಇಲ್ಲಿನ ಸರ್ಜನ್‌ಗೆ ಸೇರಬೇಕು.

ನನ್ನ ತಮ್ಮ ಕಬಡ್ಡಿ ಆಡುವ ಹುಡುಗ. ಶುಗರ್ ಇಲ್ಲ, ಬೇರೆ ಕಾಯಿಲೆಯೂ ಇಲ್ಲ. ಬಲತೊಡೆ ನೋವು ಅಂದಾಗ ಎಲ್ಲರೂ ಉಳುಕು ಅಂದರು. ಗಾಯವಿಲ್ಲ, ಚರ್ಮ ಕೆಂಪಾಗಿಲ್ಲ, ಇನ್ನೇನು ಅಂದುಕೊಳ್ಳೋದು? ಮನೆಯಲ್ಲಿ ಎಣ್ಣೆ ತಿಕ್ಕಿದರು. ಒಂದು ಕ್ಲಿನಿಕ್‌ನಲ್ಲಿ ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಆಮೇಲೆ ಚಳಿಜ್ವರ ಬಂತು, ಕಾಲು ಊರಲು ಆಗಲಿಲ್ಲ.

ಈ ಸರ್ಜನ್ ಎರಡೂ ತೊಡೆ ಒತ್ತಿ ನೋಡಿದರು. ಬಲಗಡೆಯದು ಹಲಗೆಯಂತೆ ಗಟ್ಟಿ. "ನೋಡಮ್ಮಾ, ಉಳುಕಿಗೆ ಹೀಗೆ ಚಳಿಜ್ವರ ಬರಲ್ಲ" ಎಂದು ಆಗಲೇ ಅಲ್ಟ್ರಾಸೌಂಡ್ ಮಾಡಿಸಿದರು. ಸ್ನಾಯುವಿನೊಳಗೆ ಕೀವು ತುಂಬಿತ್ತು! ಪಯೋಮಯೋಸೈಟಿಸ್ ಅಂತೆ. ಸಾಮಾನ್ಯವಾಗಿ ಸ್ನಾಯುವಿನಲ್ಲಿ ಸೋಂಕು ಸುಲಭವಾಗಿ ನಿಲ್ಲುವುದಿಲ್ಲ. ಪೆಟ್ಟು ಬಿದ್ದಾಗ ಅಥವಾ ಜಾಸ್ತಿ ಶ್ರಮವಾದಾಗ, ರಕ್ತದಲ್ಲಿ ಬಂದ ಬ್ಯಾಕ್ಟೀರಿಯಾ ಅಲ್ಲಿ ನೆಲೆಸಬಹುದು. ಹೆಚ್ಚಾಗಿ ಅದು ಸ್ಟಾಫಿಲೋಕಾಕಸ್ ಆರಿಯಸ್. ನಮ್ಮಂಥ ಬಿಸಿ ಪ್ರದೇಶಗಳಲ್ಲಿ ಆರೋಗ್ಯವಾಗಿರುವ ಹುಡುಗರಿಗೂ ಬರುತ್ತದೆ. ತಡವಾದರೆ ಸೋಂಕು ಮೈಯೆಲ್ಲ ಹರಡಿ ಜೀವಕ್ಕೇ ಅಪಾಯ. ಇಷ್ಟನ್ನೂ ಅವಸರ ಮಾಡದೆ, ಕಾಗದದ ಮೇಲೆ ಚಿತ್ರ ಬರೆದು ಅಮ್ಮನಿಗೆ ತಿಳಿಸಿದರು. ಶುಗರ್, ಎಚ್‌ಐವಿ ಟೆಸ್ಟ್ ಯಾಕೆ ಬೇಕು ಅಂತಲೂ ಮೊದಲೇ ಹೇಳಿದರು.

ಅಂದೇ ರಾತ್ರಿ ಅನಸ್ತೇಸಿಯಾ ಕೊಟ್ಟು ಕೀವು ತೆಗೆದು, ಅದರಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಅಂತ ನೋಡುವ ಕಲ್ಚರ್ ಟೆಸ್ಟ್‌ಗೆ ಕಳಿಸಿದರು. ರಿಪೋರ್ಟ್ ಬರುವವರೆಗೂ ಕಾಯದೆ ಡ್ರಿಪ್‌ನಲ್ಲಿ ಆಂಟಿಬಯೋಟಿಕ್ ಶುರು ಮಾಡಿದರು. ಡ್ರೆಸ್ಸಿಂಗ್ ಮಾಡುತ್ತಿದ್ದ ಸಿಸ್ಟರ್ ಗಾಯಕ್ಕೆ ಅಂಟಿದ ಬ್ಯಾಂಡೇಜ್ ಬಟ್ಟೆಯನ್ನು ಒಮ್ಮೆಯೂ ಕಿತ್ತೆಳೆಯಲಿಲ್ಲ. ಸಲೈನ್ ಹಾಕಿ ನೆನೆಸಿ, ತಮ್ಮ ಹೂಂ ಅಂದ ಮೇಲೆ ಮೆಲ್ಲಗೆ ಬಿಡಿಸುತ್ತಿದ್ದರು. ಅವರಿಗೆ ನಮ್ಮ ಮನೆಯವರೆಲ್ಲ ಋಣಿ.

ಒಂದು ಸ್ಟಾರ್ ಕಳೆದಿದ್ದು ಬಿಲ್ಲಿಗೆ ಮತ್ತು ರಾತ್ರಿಯ ವ್ಯವಸ್ಥೆಗೆ. ಯಾವುದಕ್ಕೆ ಎಷ್ಟು ಅಂತ ಬಿಡಿಸಿ ಬರೆದ ಬಿಲ್ ಕೇಳಿ ಕೇಳಿ ಪಡೆಯಬೇಕಾಯಿತು. ಮೆಡಿಕಲ್ ಶಾಪ್ ರಾತ್ರಿ ಮುಚ್ಚುತ್ತದೆ. ಇಂಜೆಕ್ಷನ್‌ಗಾಗಿ ಅಪ್ಪ ಮಳೆಯಲ್ಲಿ ಊರೆಲ್ಲ ಸುತ್ತಿದರು. ಇದು ಸರಿಯಲ್ಲ ಅಲ್ವಾ?

ಇಲ್ಲಿ ಎಂಆರ್‌ಐ ಇಲ್ಲ. ಸೊಂಟದ ಒಳಗಿನ ಸ್ನಾಯುವಿನಲ್ಲಿ ಕೀವಿನ ಅನುಮಾನ ಇದ್ದರೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಅಲ್ಟ್ರಾಸೌಂಡ್ ಡಾಕ್ಟರ್ ಸಂಜೆಯವರೆಗೆ ಮಾತ್ರ ಇರುತ್ತಾರೆ, ಫೋನ್ ಮಾಡಿಕೊಂಡು ಹೋಗಿ.