ಪ್ಯಾಕ್ ಮುಗಿಯುವ ಮೊದಲೇ ಬ್ರಾಡ್‌ಬ್ಯಾಂಡ್ ಬಿಟ್ಟೆವು: ಯಾವ ದಾರಿಯಲ್ಲಿ ದುಡ್ಡು ವಾಪಸ್ ಬಂತು?

ಬಾಗಲಕೋಟೆ ನವನಗರದಲ್ಲಿ ನಮ್ಮ ಮನೆ, ವಿದ್ಯಾಗಿರಿಯಲ್ಲಿ ಅಪ್ಪ-ಅವ್ವನ ಮನೆ, ವಿಜಯಪುರದ ಜಲನಗರದಲ್ಲಿ ಅಕ್ಕನ ಮನೆ. ಮೂರೂ ಕಡೆ ಒಂದೇ ಕಂಪನಿಯ ಫೈಬರ್ ಮತ್ತು ಲ್ಯಾಂಡ್‌ಲೈನ್ ಇತ್ತು. ಮೂರೂ ಕಡೆ ವರ್ಷದ ಪ್ಯಾಕಿನ ದುಡ್ಡನ್ನು ಮುಂಗಡವಾಗಿ ಕಟ್ಟಿದ್ದೆವು. ಹಾಗೆ ಕಟ್ಟಿದರೆ ಇನ್‌ಸ್ಟಾಲೇಷನ್ ಫ್ರೀ, ರೂಟರ್ ಫ್ರೀ. ಆದರೆ ನಡುವೆ ಬಿಟ್ಟರೆ ಇನ್‌ಸ್ಟಾಲೇಷನ್ ಖರ್ಚು ಮುರಿದುಕೊಳ್ಳುತ್ತೇವೆ, ಉಳಿದ ತಿಂಗಳ ದುಡ್ಡು ವಾಪಸ್ ಇಲ್ಲ ಎಂದು ಅರ್ಜಿಯ ಹಿಂಬದಿ ಸಣ್ಣ ಅಕ್ಷರದಲ್ಲಿತ್ತು. ಲೈನು ಪದೇ ಪದೇ ಸಾಯತೊಡಗಿದಾಗ ಮೂರನ್ನೂ ಅವಧಿಗೆ ಮುಂಚೆ ಬಿಟ್ಟೆವು, ಒಂದೊಂದನ್ನು ಒಂದೊಂದು ರೀತಿಯಲ್ಲಿ. ಮೂರಕ್ಕೂ ಓಡಾಡಿದ್ದು ನಾನೇ. ಅದಕ್ಕೇ ಈ ಹೋಲಿಕೆ.

ಮೊದಲು ರೋಗ ಏನಿತ್ತು ಅನ್ನೋದನ್ನ ಹೇಳಿಬಿಡುತ್ತೇನೆ, ಯಾಕಂದ್ರೆ ಮುಂದಿನ ಜಗಳವೆಲ್ಲ ಅದರ ಮೇಲೇ ನಿಂತಿತ್ತು. ನಮ್ಮ ಓಣಿಯಲ್ಲಿ ಫೈಬರ್ ಬರೋದು ಕರೆಂಟ್ ಕಂಬದಿಂದ ಕಂಬಕ್ಕೆ ಜೋತಾಡುತ್ತ. ಗಟಾರ ಕೆಲಸಕ್ಕೆ ಜೆಸಿಬಿ ಬಂದಾಗೊಮ್ಮೆ, ಮುಂಗಾರಿನ ಮುಂಚಿನ ಗಾಳಿಗೊಮ್ಮೆ ಅದು ತುಂಡಾಗುತ್ತಿತ್ತು. ಬಂದ ಹುಡುಗ ಜೋಡಿಸಿ, ಕರಿ ಟೇಪು ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಚೀಲ ಕಟ್ಟಿ ಹೋಗುತ್ತಿದ್ದ. ಕೇಳಿದರೆ, "ಸ್ಪ್ಲೈಸಿಂಗ್ ಮಷಿನ್ ಬ್ಯಾರೆ ಊರಿಗೆ ಹೋಗೇತ್ರಿ, ಬಂದ್ ಮ್ಯಾಲೆ ಗಟ್ಟಿ ಮಾಡಿ ಕೊಡ್ತೇನ್ರಿ" ಅನ್ನುತ್ತಿದ್ದ. ಹುಡುಗನ ತಪ್ಪಲ್ಲ. ಮಳೆ ಬಂದರೆ ಆ ಚೀಲದೊಳಗೇ ನೀರು ನಿಲ್ಲುತ್ತಿತ್ತು, ರೂಟರಿನ ಮೇಲೆ ಕೆಂಪು ದೀಪ ಹತ್ತುತ್ತಿತ್ತು. ಇಂಟರ್‌ನೆಟ್ಟೂ ಇಲ್ಲ, ಅದೇ ತಂತಿಯ ಮೇಲೆ ನಡೆಯುವ ಫೋನೂ ಇಲ್ಲ. ಇದು ತಾಮ್ರದ ತಂತಿಯ ಹಳೇ ಲ್ಯಾಂಡ್‌ಲೈನಿನ ಹಾಗಲ್ಲ. ಫೈಬರ್ ಹೋದರೆ ಎರಡೂ ಒಟ್ಟಿಗೇ ಹೋಗುತ್ತವೆ.

ವಿದ್ಯಾಗಿರಿಯ ಮನೆಯದು ಸರಳ ದಾರಿ: ದುಡ್ಡು ಹೋದರೆ ಹೋಗಲಿ ಎಂದು ಬಿಡುವುದು. "ತಮ್ಮಾ, ನಮಗ ಕಟಿಪಿಟಿ ಬ್ಯಾಡ, ಮೊಮ್ಮಕ್ಕಳ ಮುಖ ಕಾಣಸಬೇಕಷ್ಟ" ಅಂದಳು ಅವ್ವ. ಓಣಿಯ ಕೇಬಲ್‌ನವನ ಫೈಬರ್ ಹಾಕಿಸಿದೆವು, ಮರುದಿನವೇ ನೆಮ್ಮದಿ. ವಯಸ್ಸಾದವರ ಮನೆಗೆ, ಉಳಿದದ್ದು ಒಂದೆರಡು ತಿಂಗಳ ಪ್ಯಾಕಾಗಿದ್ದರೆ, ಇದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಸುಮ್ಮನೆ ಬಿಟ್ಟರೆ ಸಂಬಂಧ ಮುಗಿಯುವುದಿಲ್ಲ. ಕಂಪನಿಯ ಲೆಕ್ಕದಲ್ಲಿ ಕನೆಕ್ಷನ್ ಇನ್ನೂ ಜೀವಂತವೇ. ಕೆಲವು ತಿಂಗಳ ಮೇಲೆ ರೂಟರ್ ವಾಪಸ್ ಕೊಟ್ಟಿಲ್ಲ, ಅದರ ಬೆಲೆ ಕಟ್ಟಿ ಎಂಬ ಮೆಸೇಜು ಅಪ್ಪನ ಮೊಬೈಲಿಗೆ ಬರತೊಡಗಿತು. ಅಪ್ಪನಿಗೆ ಸಾಲದವರು ಬಾಗಿಲಿಗೆ ಬಂದಷ್ಟು ಸಂಕಟವಾಯಿತು. ಕಡೆಗೆ ಕಚೇರಿಗೆ ಹೋಗಿ ರೂಟರ್ ಕೊಟ್ಟು ರಸೀದಿ ಬರೆಸಿಕೊಂಡು ಬರಬೇಕಾಯಿತು. ಸರಳ ದಾರಿಗೂ ಒಂದು ಚೀಟಿ ಬೇಕೇ ಬೇಕು.

ನವನಗರದ ನಮ್ಮ ಮನೆಗೆ ಕಂಪನಿಯ ಒಳಗಿನ ದಾರಿಯನ್ನೇ ಹಿಡಿದೆ. ಮೂರರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದು, ಆದರೆ ಬಹಳ ಜನಕ್ಕೆ ಇದರ ಅರ್ಧ ಭಾಗ ಮಾತ್ರ ಗೊತ್ತು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಬೈದು ಇಡುತ್ತೇವೆ, ಅಲ್ಲಿಗೆ ಮುಗಿಸುತ್ತೇವೆ. ಟೆಲಿಕಾಂ ಕಂಪನಿಗಳ ನಿಯಂತ್ರಣ ಸಂಸ್ಥೆಯಾದ ಟ್ರಾಯ್‌ನ 2012ರ ದೂರು ಪರಿಹಾರ ನಿಯಮಗಳ ಪ್ರಕಾರ ದೂರು ವ್ಯವಸ್ಥೆಗೆ ಎರಡು ಮೆಟ್ಟಿಲು. ಮೊದಲನೆಯದು ದೂರು ಕೇಂದ್ರ. ಅಲ್ಲಿ ಪ್ರತಿ ದೂರಿಗೂ ಡಾಕೆಟ್ ನಂಬರ್, ಅಂದರೆ ದೂರಿನ ಗುರುತಿನ ನಂಬರ್, ಕೊಡಲೇಬೇಕು. ಎರಡನೆಯದು ಮೇಲ್ಮನವಿ ಪ್ರಾಧಿಕಾರ. ದೂರು ಬಗೆಹರಿಯದಿದ್ದರೆ, ಬಗೆಹರಿಸುವ ಗಡುವು ಮುಗಿದ 30 ದಿನಗಳೊಳಗೆ ಅಲ್ಲಿಗೆ ಹೋಗಬೇಕು, ಅವರು 39 ದಿನಗಳಲ್ಲಿ ತೀರ್ಮಾನ ಹೇಳಬೇಕು. ಶುಲ್ಕ ಏನೂ ಇಲ್ಲ, ಇಮೇಲ್ ಸಾಕು. ಪ್ರಾಧಿಕಾರ ಕಂಪನಿಯದೇ ಹೌದು, ಆದರೆ ಅದಕ್ಕೆ ಸಲಹೆ ಕೊಡುವ ಇಬ್ಬರಲ್ಲಿ ಒಬ್ಬರು ಗ್ರಾಹಕ ಸಂಘಟನೆಯ ಕಡೆಯವರು. ಟ್ರಾಯ್‌ಗೇ ನೇರ ಬರೆಯುತ್ತೇನೆ ಅನ್ನುವವರಿಗೆ ಒಂದು ಮಾತು: ಒಬ್ಬೊಬ್ಬರ ದೂರನ್ನು ಟ್ರಾಯ್ ವಿಚಾರಣೆ ಮಾಡುವುದಿಲ್ಲ.

ಮೇಲ್ಮನವಿಯಲ್ಲಿ ಬೈಗುಳ ನಡೆಯುವುದಿಲ್ಲ, ಲೆಕ್ಕ ನಡೆಯುತ್ತದೆ. ಟ್ರಾಯ್‌ನ ಗುಣಮಟ್ಟದ ನಿಯಮದಲ್ಲಿ ಬಾಡಿಗೆ ಮನ್ನಾದ ಲೆಕ್ಕವಿದೆ. ದೂರು ಕೊಟ್ಟ ಮೇಲೂ ಲೈನು ಸರಿಯಾಗದೆ 3 ದಿನ ದಾಟಿದರೆ 7 ದಿನದ ಬಾಡಿಗೆ ಮನ್ನಾ, 7 ದಿನ ದಾಟಿದರೆ 15 ದಿನದ್ದು, 15 ದಿನವೂ ದಾಟಿದರೆ ಒಂದು ತಿಂಗಳಿನದು. ಪ್ರತಿ ಡಾಕೆಟ್ ನಂಬರಿನ ಮುಂದೆ ಲೈನು ಸತ್ತ ದಿನ, ಎದ್ದ ದಿನ, ಈ ಲೆಕ್ಕದಲ್ಲಿ ಬರಬೇಕಾದ ಮನ್ನಾ ಎಷ್ಟು ಎಂದು ಬರೆದೆ. ಕೆಂಪು ದೀಪದ ಫೋಟೋಗಳನ್ನು ತಾರೀಖಿನ ಸಮೇತ ಸೇರಿಸಿದೆ. ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಬೇರೊಂದು ಫೋಟೋ. ಲೈನ್ ನೋಡಲು ಬಂದ ಹುಡುಗ ಫೈಬರಿನೊಳಗಿನ ಬೆಳಕು ಅಳೆಯುವ ಪವರ್ ಮೀಟರ್ ಚುಚ್ಚಿದಾಗ ಅದು ಮೈನಸ್ 31 ಡಿಬಿಎಂ (ಬೆಳಕಿನ ಬಲದ ಅಳತೆ) ತೋರಿಸುತ್ತಿತ್ತು. ಮನೆ ಫೈಬರಿಗೆ ಬೆಳಕು ಸಾಮಾನ್ಯವಾಗಿ ಮೈನಸ್ 27 ಡಿಬಿಎಂಗಿಂತ ಕೆಳಗೆ ಇಳಿಯಬಾರದು. ಇಳಿದರೆ ರೂಟರಿಗೆ ಸಿಗ್ನಲ್ಲೇ ತಿಳಿಯುವುದಿಲ್ಲ. ಹುಡುಗನನ್ನು ಕೇಳಿಯೇ ಆ ಮೀಟರಿನ ಫೋಟೋ ತೆಗೆದುಕೊಂಡೆ. ಅಲ್ಲಿಯವರೆಗೆ ಕಸ್ಟಮರ್ ಕೇರ್‌ನವರು "ನಿಮ್ಮ ವೈಫೈ ಸಮಸ್ಯೆ ಸರ್, ರೂಟರ್ ಗೋಡೆ ಬಿಟ್ಟು ಇಡಿ" ಎಂದೇ ಹೇಳುತ್ತಿದ್ದರು. ಆ ಫೋಟೋ ಕಳಿಸಿದ ಮೇಲೆ ವೈಫೈ ಮಾತು ನಿಂತಿತು. ಸ್ಪೀಡ್ ಕಡಿಮೆ ಎಂಬ ದೂರಾದರೂ ಹಾಗೆಯೇ, ಲ್ಯಾಪ್‌ಟಾಪನ್ನು ರೂಟರಿಗೆ ವೈರಿನಿಂದ ಜೋಡಿಸಿಯೇ ಪರೀಕ್ಷೆ ಮಾಡಿ.

ನಾನು ಕೇಳಿದ್ದು ಎರಡೇ: ಬಾಡಿಗೆ ಮನ್ನಾ, ಮತ್ತು ಕನೆಕ್ಷನ್ ಬಂದ್ ಮಾಡಿ ಉಳಿದ ತಿಂಗಳ ದುಡ್ಡು ವಾಪಸ್. ಗಡುವಿನ ತುದಿಗೆ ಬಂದೇ ಉತ್ತರ ಕೊಟ್ಟರು. ಇನ್‌ಸ್ಟಾಲೇಷನ್ ಖರ್ಚು ಮುರಿದುಕೊಂಡು ಉಳಿದದ್ದನ್ನು ಬ್ಯಾಂಕಿಗೆ ಹಾಕಿದರು. ಲೈನ್ ಕೆಟ್ಟದ್ದು ಅವರ ಕಡೆಯಿಂದ, ಆ ಖರ್ಚನ್ನು ಮುರಿದದ್ದು ನ್ಯಾಯವಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ. ಆದರೂ ಆ ತೀರ್ಮಾನ ಲಿಖಿತವಾಗಿ ಬಂತು, ಅದೇ ದೊಡ್ಡದು. ಮುಂದೆ ಎಲ್ಲಿಗೆ ಹೋದರೂ ತೋರಿಸಲು ಕಾಗದವಿದೆ.

ಅಕ್ಕನಿಗೆ ಅಷ್ಟು ದಿನ ಕಾಯುವ ಹಾಗಿರಲಿಲ್ಲ, ಭಾವ ಮನೆಯಿಂದಲೇ ಕೆಲಸ ಮಾಡುವವರು. ಅವರದನ್ನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಒಯ್ದೆವು. ಕನ್ನಡದಲ್ಲೇ ಮಾತಾಡಬಹುದು. ವೇಗದಲ್ಲಿ ಇದಕ್ಕೆ ಸಾಟಿಯಿಲ್ಲ. ಅಲ್ಲಿಯವರೆಗೆ ಸಿಗದಿದ್ದ ಕಂಪನಿಯ ಹಿರಿಯ ಅಧಿಕಾರಿ ತಾವಾಗಿಯೇ ಫೋನ್ ಮಾಡಿ, "ಮೇಡಂ, ಪ್ಯಾಕ್ ಎರಡು ತಿಂಗಳು ಮುಂದಕ್ಕೆ ಹಾಕಿಕೊಡ್ತೇವೆ" ಎಂದರು. ಅಕ್ಕ ಒಪ್ಪಲಿಲ್ಲ. ಸತ್ತ ಲೈನನ್ನು ಎರಡು ತಿಂಗಳು ಹೆಚ್ಚಿಗೆ ಇಟ್ಟುಕೊಂಡು ಏನು ಮಾಡೋದು? ಆಮೇಲೆ ಲೈನ್ ರಿಪೇರಿ ಮಾಡಿ, "ಸಮಸ್ಯೆ ಬಗೆಹರಿದಿದೆ" ಎಂದು ಕಂಪನಿ ಉತ್ತರ ಹಾಕಿತು, ದೂರು ಮುಚ್ಚಿತು. ಅಕ್ಕ ಕೇಳಿದ್ದು ರಿಪೇರಿಯನ್ನಲ್ಲ, ದುಡ್ಡನ್ನು. ಸಹಾಯವಾಣಿಗೆ ತೀರ್ಪು ಕೊಡುವ ಅಧಿಕಾರವಿಲ್ಲ, ಅದು ಕಂಪನಿಗೂ ನಮಗೂ ನಡುವೆ ಮಾತು ಮುಟ್ಟಿಸುತ್ತದೆ ಅಷ್ಟೇ. ಹಾಗಾಗಿ 1915ಕ್ಕೆ ಹೋಗುವವರು ದೂರಿನ ಮೊದಲ ಸಾಲಿನಲ್ಲೇ "ನನಗೆ ಬೇಕಾದದ್ದು ಕನೆಕ್ಷನ್ ರದ್ದತಿ ಮತ್ತು ಉಳಿದ ಹಣ" ಎಂದು ಬರೆಸಬೇಕು.

ಅಕ್ಕನ ದುಡ್ಡು ಕಡೆಗೆ ಬಂದದ್ದು ನೋಟಿಸಿಗೆ. ಗ್ರಾಹಕ ಆಯೋಗಕ್ಕೆ ಹೋಗುವುದೆಂದೇ ತಯಾರಾಗಿ, ರಿಜಿಸ್ಟರ್ಡ್ ಪೋಸ್ಟಿನಲ್ಲಿ ಒಂದು ಪುಟದ ನೋಟಿಸ್ ಕಳಿಸಿದೆವು. ವಕೀಲರಿಲ್ಲದೆ ನಾವೇ ಬರೆದದ್ದು. ಆಯೋಗದ ಬಾಗಿಲು ಹತ್ತುವ ಮೊದಲೇ ಪೂರ್ತಿ ಹಣ ಬಂತು. ಆ ತಯಾರಿಯಲ್ಲಿ ತಿಳಿದದ್ದನ್ನು ಹೇಳಲೇಬೇಕು. ಟೆಲಿಕಾಂ ತಕರಾರು ಗ್ರಾಹಕ ಆಯೋಗಕ್ಕೆ ಬರುವುದಿಲ್ಲ ಎಂದು ಈಗಲೂ ಹಲವರು ಹೇಳುತ್ತಾರೆ. ಅದಕ್ಕೆ ಕಾರಣ ಸುಪ್ರೀಂ ಕೋರ್ಟಿನ 2009ರ ತೀರ್ಪು. ಆದರೆ 2022ರ ಫೆಬ್ರವರಿಯಲ್ಲಿ ಅದೇ ಕೋರ್ಟು, ಖಾಸಗಿ ಮೊಬೈಲ್ ಕಂಪನಿಯೊಂದರ ಪ್ರಕರಣದಲ್ಲಿ, ಗ್ರಾಹಕರು ಆಯೋಗಕ್ಕೆ ಹೋಗಬಹುದು ಎಂದು ಸ್ಪಷ್ಟವಾಗಿ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಾವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಕಂಪನಿಯ ಕಚೇರಿ ಮುಂಬೈಯಲ್ಲಿರಲಿ ದಿಲ್ಲಿಯಲ್ಲಿರಲಿ. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹಾಕಬೇಕು, ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಹಾಕಬಹುದು. ಇನ್ನೊಂದು ಸೂಕ್ಷ್ಮವಿದೆ. ಕರಾರೇ ಅನ್ಯಾಯದ್ದು ಎಂದು ಬರೆದರೆ ಅದು ಬೆಂಗಳೂರಿನ ರಾಜ್ಯ ಆಯೋಗದ ವ್ಯಾಪ್ತಿಗೆ ಹೋಗುತ್ತದೆ. ಜಿಲ್ಲೆಯಲ್ಲೇ ಮುಗಿಯಬೇಕೆಂದರೆ ಸೇವಾ ನ್ಯೂನತೆ (ಸೇವೆಯಲ್ಲಿ ಕೊರತೆ) ಎಂದೇ ದೂರು ಬರೆಯಬೇಕು. ನಮ್ಮ ನೋಟಿಸಿನಲ್ಲಿ ಆ ಪದವನ್ನೇ ಬಳಸಿದ್ದೆವು.

ಇವುಗಳಲ್ಲಿ ಯಾವುದನ್ನು ಹಿಡಿಯಬೇಕು ಎಂದು ಕೇಳಿದರೆ: ನಾಲ್ಕು ತಿಂಗಳಿಗಿಂತ ಹೆಚ್ಚು ಪ್ಯಾಕ್ ಉಳಿದಿದ್ದರೆ ಮೇಲ್ಮನವಿ ಹಾಕಿ, ಅದರ ಜೊತೆಗೇ 1915ಕ್ಕೂ ದೂರು ಕೊಡಿ. ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ. ಬರೀ 1915ನ್ನೇ ನಂಬಿ ಕೂರಬೇಡಿ. ನೋಟಿಸನ್ನು ಮೇಲ್ಮನವಿಯ ಉತ್ತರ ಬಂದ ಮೇಲೆ ಕಳಿಸಿ, ಆಗ ಅದಕ್ಕೆ ತೂಕ ಬರುತ್ತದೆ.

ಬದಲಿ ಕನೆಕ್ಷನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೇಬಲ್‌ನವನ ಫೈಬರ್ ವಿದ್ಯಾಗಿರಿಯಲ್ಲಿ ಚೆನ್ನಾಗಿದೆ, ಕೆಟ್ಟರೆ ಸಂಜೆಯೊಳಗೆ ಅವನೇ ಏಣಿ ಹೊತ್ತು ಬರುತ್ತಾನೆ. ನಮ್ಮ ಮನೆಯಲ್ಲಿ ಮಾಳಿಗೆ ಮೇಲೆ 5ಜಿ ಡಬ್ಬಿ ಕೂರಿಸಿದ್ದೇವೆ. ತಂತಿ ತುಂಡಾಗುವ ಭಯವಿಲ್ಲ, ಸಂಜೆ ಹೊತ್ತು ವೇಗ ಇಳಿಯುತ್ತದೆ. ಎರಡನ್ನೂ ತಿಂಗಳ ಲೆಕ್ಕದಲ್ಲೇ ತಗೊಂಡಿದ್ದೇವೆ.

ಯಾವ ದಾರಿ ಹಿಡಿದರೂ ಉಳಿಯದೇ ಇರುವುದು ಲ್ಯಾಂಡ್‌ಲೈನ್ ನಂಬರ್. ನಂಬರ್ ಹಾಗೇ ಇಟ್ಟುಕೊಂಡು ಕಂಪನಿ ಬದಲಿಸುವ ಸೌಲಭ್ಯ ನಮ್ಮ ದೇಶದಲ್ಲಿ ಮೊಬೈಲಿಗಷ್ಟೇ ಇದೆ. 08354ರಿಂದ ಶುರುವಾಗುವ ಅಪ್ಪನ ನಂಬರ್ ಗ್ಯಾಸ್ ಏಜೆನ್ಸಿಯಲ್ಲಿ, ಬ್ಯಾಂಕಿನಲ್ಲಿ, ಊರಿನ ನೆಂಟರ ಡೈರಿಗಳಲ್ಲಿ ಇತ್ತು. ರದ್ದತಿ ಅರ್ಜಿ ಕೊಡುವ ಮೊದಲೇ ಬ್ಯಾಂಕು, ಗ್ಯಾಸು, ವಿಮೆ ಎಲ್ಲ ಕಡೆ ಮೊಬೈಲ್ ನಂಬರ್ ಬರೆಸಿ. ಖಾತ್ರಿಗೆಂದು ಹಳೇ ನಂಬರಿಗೇ ಕರೆ ಮಾಡುವ ಕಡೆ, ಆ ನಂಬರ್ ಸತ್ತ ಮೇಲೆ ಆಧಾರ್ ಕಾರ್ಡ್ ಹಿಡಿದುಕೊಂಡು ಕಚೇರಿಗೇ ಹೋಗಬೇಕಾಗುತ್ತದೆ. ಅರ್ಜಿಯನ್ನು ಇಮೇಲಿನಲ್ಲಿ ಕೊಡಿ, ರೂಟರ್ ಮತ್ತು ಅಡಾಪ್ಟರ್ ಎರಡನ್ನೂ ಒಪ್ಪಿಸಿ, ರಸೀದಿಯಲ್ಲಿ ಅದರ ಸೀರಿಯಲ್ ನಂಬರ್ ಬರೆದಿದ್ದಾರೋ ಇಲ್ಲವೋ ಅಲ್ಲೇ ನೋಡಿಕೊಳ್ಳಿ.