ಡ್ಯಾರೆನ್ ಶಾನ್, ಸ್ಪೂಕ್, ಲಾಕ್‌ವುಡ್: ಹೈಸ್ಕೂಲ್ ಮಕ್ಕಳ ಕೈಗೆ ಮೊದಲು ಯಾವ ದೆವ್ವ ಕೊಡೋದು?

ಹನ್ನೆರಡು ಹದಿಮೂರು ವಯಸ್ಸಿನ ಮಕ್ಕಳು ಭಯ ಆಗೋ ಪುಸ್ತಕ ಬೇಕು ಅಂದ್ರೆ ನಮ್ಮಲ್ಲಿ ಒಂದೋ ಪುಟಾಣಿ ಮಕ್ಕಳ ದೆವ್ವದ ಕತೆ ಕೊಡ್ತಾರೆ, ಇಲ್ಲಾ ಸೀದಾ ದೊಡ್ಡೋರ ಹಾರರ್‌ಗೆ ಹಾರ್ತಾರೆ. ಮಧ್ಯದ ವಯಸ್ಸಿಗೆ ಅಂತಾನೇ ಇಂಗ್ಲಿಷಲ್ಲಿ ರಾಶಿ ಇದೆ. ಅದ್ರಲ್ಲಿ ಮೂರು ಸೀರೀಸ್ ನಾನೂ ಓದಿ, ಅಕ್ಕನ ಮಗಳಿಗೂ (ಎಂಟನೇ ಕ್ಲಾಸು) ಅಣ್ಣನ ಮಗನಿಗೂ (ಆರನೇ ಕ್ಲಾಸು) ಓದ್ಸಿ ನೋಡಿದೀನಿ. ಎಲ್ಲರೂ ಕೇಳೋದು ರಕ್ತ ಎಷ್ಟಿದೆ ಅಂತ. ನನಗೆ ಓದ್ತಾ ಓದ್ತಾ ಮುಖ್ಯ ಅನ್ಸಿದ್ದು ಬೇರೆ, ಕತೆಲಿ ಮಗುಗೆ ಭಯ ಆದಾಗ ಪಕ್ಕದಲ್ಲಿ ದೊಡ್ಡೋರು ಯಾರಿದಾರೆ, ಅವ್ರನ್ನ ನಂಬ್ಬೋದಾ ಅನ್ನೋದು. ಮೂರೂ ಬೇರೆಬೇರೆ ಆಗೋದು ಅಲ್ಲೇ.

ಡ್ಯಾರೆನ್ ಶಾನ್ ಮೊದ್ಲು ಮುಗಿಸ್ಬಿಡ್ತೀನಿ. 2000ದಲ್ಲಿ ಶುರುವಾಗಿ 2004ಕ್ಕೆ 12 ಪುಸ್ತಕ ಮುಗ್ದಿರೋ ವ್ಯಾಂಪೈರ್ ಕತೆ, ಲೇಖಕನ ಹೆಸರೇ ಹೀರೋಗೂ. ಹುಡುಗ ಫ್ರೆಂಡ್ ಜೊತೆ ಕದ್ದುಮುಚ್ಚಿ ಒಂದು ವಿಚಿತ್ರ ಸರ್ಕಸ್ಸಿಗೆ ಹೋಗ್ತಾನೆ, ಅಲ್ಲಿರೋ ವಿಷದ ಜೇಡ ಕದೀತಾನೆ, ಅದು ಫ್ರೆಂಡನ್ನೇ ಕಚ್ಚತ್ತೆ, ಔಷಧಿ ಬೇಕು ಅಂದ್ರೆ ನೀನು ಅರ್ಧ ವ್ಯಾಂಪೈರ್ ಆಗಿ ನನ್ನ ಜೊತೆ ಬರ್ಬೇಕು ಅಂತಾನೆ ಜೇಡದ ಯಜಮಾನ ಕ್ರೆಪ್ಸ್ಲಿ. ಆಮೇಲೆ ಸತ್ತ ಹಾಗೆ ನಾಟಕ ಮಾಡಿ, ಅಪ್ಪ ಅಮ್ಮ ತಂಗಿ ಎಲ್ಲಾ ಅಳ್ತಿರ್ಬೇಕಾದ್ರೆ ಪೆಟ್ಟಿಗೆಲಿ ಮಲಗಿ ಎಲ್ಲಾ ಕೇಳಿಸ್ಕೊಂಡು ಮಣ್ಣಾಗೋ ಭಾಗ ಇದೆ, ಅದನ್ನ ಓದಿದ ರಾತ್ರಿ ನಮ್ಮ ಹುಡುಗ ಲೈಟ್ ಆಫ್ ಮಾಡೋಕೆ ಬಿಡ್ಲಿಲ್ಲ. ಇಂಗ್ಲಿಷ್ ತುಂಬಾ ಸಲೀಸು, ಚಾಪ್ಟರ್‌ಗಳು ಚಿಕ್ಕವು, ಕನ್ನಡ ಮೀಡಿಯಮ್ ಮಕ್ಕಳೂ ಎಳ್ಕೊಂಡು ಹೋಗ್ತಾರೆ. ಆದ್ರೆ ಚುರುಮುರಿ ತಿಂದ ಹಾಗೆ, ಪೊಟ್ಟಣ ಖಾಲಿ ಆಗೋದೇ ಗೊತ್ತಾಗಲ್ಲ, ಹೊಟ್ಟೆನೂ ತುಂಬಲ್ಲ. ಇಲ್ಲಿ ದೊಡ್ಡೋರು ಅಂದ್ರೆ ಮಗುನ ಮನೆಯಿಂದ ಕರ್ಕೊಂಡು ಹೋಗೋರು. ಕ್ರೆಪ್ಸ್ಲಿ ಆಮೇಲೆ ತಂದೆ ಥರ ಆಗ್ತಾನೆ, ಸರಿ, ಆದ್ರೆ ಶುರು ಆಗಿದ್ದು ಬ್ಲ್ಯಾಕ್‌ಮೇಲಿಂದ ಅನ್ನೋದು ನನಗಂತೂ ಮರೆಯಕ್ಕಾಗ್ಲಿಲ್ಲ.

ಸ್ಪೂಕ್ಸ್ ಅಪ್ರೆಂಟಿಸ್ ಜಾತಿನೇ ಬೇರೆ. ಜೋಸೆಫ್ ಡಿಲೇನಿ ಬರ್ದಿದ್ದು, ಮೊದಲನೇದು 2004, ಇಂಗ್ಲೆಂಡಿನ ಲ್ಯಾಂಕಷೈರ್ ಕಡೆಯ ಹಳ್ಳಿ, ಮಳೆ, ಕೆಸರು. ಏಳನೇ ಮಗನ ಏಳನೇ ಮಗ ಟಾಮ್ ವಾರ್ಡ್, ರೈತರ ಮನೆ ಹುಡುಗ. ಆಸ್ತಿ ಹಂಚಿ ಹಂಚಿ ಅವನ ಪಾಲಿಗೆ ಏನೂ ಉಳಿಯಲ್ಲ ಅಂತ ದೆವ್ವ, ಮಾಟಗಾತಿ ಹಿಡಿಯೋ ಮುದುಕನ (ಇವರೇ ಸ್ಪೂಕ್) ಹತ್ರ ಕೆಲಸ ಕಲಿಯೋಕೆ ಬಿಡ್ತಾರೆ. ನನಗೆ ಇಷ್ಟ ಆಗಿದ್ದೇ ಇದು, ದೆವ್ವ ಹಿಡಿಯೋದು ಇಲ್ಲಿ ಒಂದು ಕಸುಬು. ಗುಂಡಿ ತೋಡ್ಬೇಕು, ನೋಟ್‌ಬುಕ್ಕಲ್ಲಿ ಬರ್ಕೋಬೇಕು, ಒಂದು ಜೇಬಲ್ಲಿ ಉಪ್ಪು ಇನ್ನೊಂದ್ರಲ್ಲಿ ಕಬ್ಬಿಣದ ಪುಡಿ, ದೊಡ್ಡ ಕೆಲಸ ಇದ್ರೆ ಊಟ ಬಿಡ್ಬೇಕು, ಒಂಚೂರು ಚೀಸ್ ಮಾತ್ರ. ಅಡುಗೆಮನೆಲಿ ಕಣ್ಣಿಗೆ ಕಾಣದ ಬಾಗರ್ಟ್ ಅನ್ನೋ ಭೂತ ಒಂದಿದೆ, ತಿಂಡಿ ಮಾಡೋದು ಅದೇ. ಟಾಮ್ ಹೊತ್ತಿಗೆ ಮುಂಚೆ ಕೆಳಗಿಳಿದು ಬಂದ್ರೆ ಕಿವಿ ಹಿಂದೆ ಒಂದು ಬೀಳತ್ತೆ. ಉಪ್ಪು ಕಬ್ಬಿಣದ ವಿಷ್ಯ ಬಂದಾಗ ಅಣ್ಣನ ಮಗ, "ಅತ್ತೆ, ಪಾಪು ಹುಟ್ಟಿದಾಗ ಅಜ್ಜಿ ಹಾಸಿಗೆ ಕೆಳಗೆ ಕಬ್ಬಿಣ ಇಟ್ಟಿದ್ರಲ್ಲ, ಉಪ್ಪು ಮೆಣಸಿನಕಾಯಿ ನೀವಾಳ್ಸಿದ್ರಲ್ಲ, ಅವ್ರೂ ಇದನ್ನ ಓದಿದಾರಾ?" ಅಂದ. ಅಜ್ಜಿಗೆ ಹೇಳಿದ್ರೆ ನಕ್ಕು ಸಾಕಾಯ್ತು.

ಭಯ ಬರೋದೂ ನಿಧಾನಕ್ಕೆ. ಚೂಪು ಬೂಟು ಹಾಕ್ಕೊಂಡಿರೋ ಹುಡುಗೀರ ಹತ್ರ ಹುಷಾರು ಅಂತ ಗುರು ಹೇಳಿರ್ತಾರೆ, ಟಾಮ್‌ಗೆ ಸಿಗೋ ಆಲಿಸ್ ಕಾಲಲ್ಲಿ ಅದೇ ಬೂಟು. ಅವಳಿಗೆ ಮಾತು ಕೊಟ್ಬಿಟ್ಟು, ಗುಂಡಿಲಿ ಜೀವಂತ ಹೂತಿಟ್ಟಿರೋ ಮುದುಕಿ ಮದರ್ ಮಾಲ್ಕಿನ್‌ಗೆ ಮಧ್ಯರಾತ್ರಿ ಕೇಕ್ ಹಾಕ್ತಾನೆ. ಕೇಕಲ್ಲಿ ಏನಿದೆ ಅಂತ ನಮಗೆ ಅವನಿಗಿಂತ ಮುಂಚೆನೇ ಅನುಮಾನ ಶುರುವಾಗಿರತ್ತೆ, ಅದೇ ಮಜಾ. ಗುರು ಗದರ್ತಾರೆ, ಹೊಗಳೋದು ಅಪರೂಪ, ಆದ್ರೆ ಸುಳ್ಳು ಹೇಳಲ್ಲ. ಮೂರರಲ್ಲಿ ನಂಬ್ಬೋದಾದ ದೊಡ್ಡೋರು ಇರೋದು ಇಲ್ಲೇ. ಕೊರತೆ ಅಂದ್ರೆ ಮೂಲ ಸೀರೀಸೇ 13 ಪುಸ್ತಕ, ನಡುವೆ ಕೆಲವು ಒಂದೇ ಥರ, ಮಾಟಗಾತಿಯರನ್ನ ಗುಂಡಿಲಿ ಹಾಕೋದು ಸರೀನಾ ಅನ್ನೋ ಪ್ರಶ್ನೆ ಎಬ್ಬಿಸಿ ಆಮೇಲೆ ಬೇಗ ಬೇಗ ದಾಟ್ಬಿಡ್ತಾರೆ. ಅಕ್ಕನ ಮಗಳು ಅದನ್ನೇ ಹಿಡ್ಕೊಂಡು ನನ್ನ ಜೊತೆ ಜಗಳ ಆಡಿದ್ಲು, ಆಡ್ಲಿ, ಅದಕ್ಕೇ ಅಲ್ವಾ ಓದ್ಸೋದು.

ಅವಳ ವೋಟು ಲಾಕ್‌ವುಡ್ ಅಂಡ್ ಕೋಗೆ. ಜೊನಾಥನ್ ಸ್ಟ್ರೌಡ್, 2013ರಿಂದ 2017, ಐದೇ ಪುಸ್ತಕ, ಅದೇ ಒಂದು ದೊಡ್ಡ ಪ್ಲಸ್ಸು. ಬ್ರಿಟನ್ ತುಂಬಾ ದೆವ್ವ ಎದ್ದು ಐವತ್ತು ವರ್ಷ ದಾಟಿದೆ, ಮುಟ್ಟಿದ್ರೆ ಸಾವು, ಕತ್ತಲಾದ್ರೆ ಕರ್ಫ್ಯೂ, ರಸ್ತೆಲಿ ದೆವ್ವ ಓಡ್ಸೋ ಲ್ಯಾಂಪು. ಚೆನ್ನಾಗಿ ಕಾಣೋದು ಕೇಳ್ಸೋದು ಮಕ್ಕಳಿಗೆ ಮಾತ್ರ, ವಯಸ್ಸಾದ ಹಾಗೆ ಆ ಶಕ್ತಿ ಹೋಗತ್ತೆ. ಹಾಗಾಗಿ ಜೀವ ಪಣಕ್ಕಿಟ್ಟು ಕತ್ತಿ ಹಿಡಿಯೋರು ಹುಡುಗರು, ದೆವ್ವ ಓಡ್ಸೋ ಕಂಪನಿ ನಡೆಸಿ ದುಡ್ಡು ಎಣಿಸೋರು ದೊಡ್ಡೋರು. ಇದನ್ನ ಎಲ್ಲೂ ಭಾಷಣ ಮಾಡಿ ಹೇಳಲ್ಲ, ಆದ್ರೆ ಹದಿಮೂರು ದಾಟಿದ ಮಕ್ಕಳಿಗೆ ತಟ್ ಅಂತ ಅರ್ಥ ಆಗತ್ತೆ. "ಚಿಕ್ಕಿ, ಟ್ಯೂಶನ್ ಸೆಂಟರ್ ಥರಾನೇ ಇದೆ" ಅಂದ್ಲು, ನಾನು ಸುಮ್ನಾದೆ.

ಲೂಸಿ, ಲಾಕ್‌ವುಡ್, ಜಾರ್ಜ್ ಮೂರೇ ಜನ ಯಾವ ದೊಡ್ಡೋರೂ ಇಲ್ದೆ ಏಜೆನ್ಸಿ ನಡೆಸ್ತಾರೆ. ಅವ್ರ ಮನೆಯ ಅಡುಗೆಮನೆ ನೋಡ್ಬೇಕು, ಟೇಬಲ್ ಮೇಲಿನ ಬಟ್ಟೆ ಮೇಲೇ ಕೇಸಿನ ಲೆಕ್ಕಾಚಾರ ಚಿತ್ರ ಬೈಗುಳ ಎಲ್ಲಾ ಗೀಚಿರ್ತಾರೆ, ಬಿಸ್ಕೆಟ್ ಡಬ್ಬಿಗೆ ಸರದಿ ನಿಯಮ ಇದೆ, ಸರದಿ ತಪ್ಪಿ ಒಂದು ಜಾಸ್ತಿ ತೊಗೊಂಡ್ರೆ ದೆವ್ವಕ್ಕಿಂತ ದೊಡ್ಡ ರಂಪ. ಆ ನಗು ಇರೋದ್ರಿಂದಾನೇ ಮುಂದಿನ ಪುಟದಲ್ಲಿ ಮೆಟ್ಟಿಲ ಮೇಲೆ ತಣ್ಣಗೆ ಏನೋ ಇಳಿದು ಬಂದಾಗ ಬೆನ್ನು ಜುಮ್ ಅನ್ನತ್ತೆ. ಇಲ್ಲೂ ಉಪ್ಪು ಕಬ್ಬಿಣ ಬೆಳ್ಳಿನೇ ಆಯುಧ, ಆದ್ರೆ ಸ್ಪೂಕಲ್ಲಿ ಅದು ಹಳ್ಳಿ ಮದ್ದು, ಇಲ್ಲಿ ಫ್ಯಾಕ್ಟರಿ ಮಾಲು, ಬಾಂಬ್ ಲೆಕ್ಕದಲ್ಲಿ ಎಸೀತಾರೆ. ಇಂಗ್ಲಿಷ್ ಮಾತ್ರ ಮೂರರಲ್ಲಿ ಕಷ್ಟದ್ದು, ಕೊಂಕು ಜಾಸ್ತಿ. ಅಣ್ಣನ ಮಗ ಮೂವತ್ತು ಪುಟಕ್ಕೆ ಕೈಬಿಟ್ಟ, ಜೋಕು ಯಾವುದೂ ಅವನಿಗೆ ದಕ್ಕಲಿಲ್ಲ.

ಸ್ಕ್ರೀನ್ ವಿಷ್ಯಕ್ಕೆ ಬಂದ್ರೆ ಲಾಕ್‌ವುಡ್ ನೆಟ್‌ಫ್ಲಿಕ್ಸ್ ಸೀರೀಸ್ (2023) ಚೆನ್ನಾಗೇ ಇತ್ತು, ಒಂದೇ ಸೀಸನ್‌ಗೆ ನಿಲ್ಲಿಸ್ಬಿಟ್ರು. ಸ್ಪೂಕ್ ಮೇಲೆ ತೆಗೆದ ಸಿನಿಮಾ, ಸೆವೆಂತ್ ಸನ್, ದಯವಿಟ್ಟು ಬಿಡಿ, ಪುಸ್ತಕದ ಹುಡುಗನೇ ಅದ್ರಲ್ಲಿಲ್ಲ, ಯಾವನೋ ದೊಡ್ಡ ಯುವಕ.

ಹಾಗಾದ್ರೆ ಯಾವುದು ಮೊದಲು? ಆರು ಏಳನೇ ಕ್ಲಾಸಿಗೆ ಸ್ಪೂಕ್, ಕಣ್ಮುಚ್ಕೊಂಡು ಕೊಡಿ, ಮೊದಲ ಮೂರು ಸಾಕು. ಪುಸ್ತಕನೇ ಮುಟ್ಟದ ಮಗು ಆದ್ರೆ ಡ್ಯಾರೆನ್ ಶಾನ್ ಮೊದಲನೇದು, ಓದೋ ಚಟ ಹತ್ತಿಸೋಕೆ ಅದನ್ನ ಮೀರಿಸಿದ್ದು ಇಲ್ಲ, ಆದ್ರೆ ಸಾವಿನ ದೃಶ್ಯಗಳಿವೆ, ಈಚೆಗೆ ಮನೇಲಿ ಸಾವಾಗಿದ್ರೆ ಸ್ವಲ್ಪ ತಡೀರಿ. ಎಂಟು ಒಂಬತ್ತಕ್ಕೆ ಬಂದು ಇಂಗ್ಲಿಷ್ ಒಂಚೂರು ಪಳಗಿದ್ರೆ ಲಾಕ್‌ವುಡ್, ನನ್ನ ಲೆಕ್ಕದಲ್ಲಿ ಬರವಣಿಗೆಲಿ ಮೂರಕ್ಕೂ ಮೇಲು ಅದೇ. ಒಂದು ಮಾತು, ಶಾನ್ ಹೆಸರು ನೋಡ್ಕೊಂಡು ಅವರದೇ ಡೆಮೊನಾಟಾ ಸೀರೀಸ್ ಆರ್ಡರ್ ಮಾಡ್ಬೇಡಿ. ಅದು ಶುರುವಾಗೋದೇ ಹುಡುಗನ ಇಡೀ ಕುಟುಂಬ ರಾಕ್ಷಸನ ಕೈಲಿ ಛಿದ್ರ ಆಗೋದ್ರಿಂದ, ಹದಿನೈದರ ಕೆಳಗಿನೋರಿಗೆ ನಾನಂತೂ ಕೊಡಲ್ಲ.